ಕೂತವರು ಎಲ್ಲಿಗೂ ಹೋಗುವುದಿಲ್ಲ

ಸರಾಂದಿಸ್‌ನ ಮುಖ ಮ್ಯೂಸಿಯಂನಲ್ಲಿದೆ ಎಂಬ ಸುದ್ದಿ ಸರಾಂದಿಸ್‌ನ ಕಿವಿಗೆ ಬೀಳುವಷ್ಟರಲ್ಲಿ ಅರ್ಧ ಊರು ಹೋಗಿ ಅದನ್ನು ನೋಡಿಕೊಂಡು ಬಂದಿತ್ತು.

ಹೇಳಿದವಳು ಮ್ಯೂಸಿಯಂನಲ್ಲಿ ಕಸ ಗುಡಿಸುವ ಕ್ಸೇನಿ. ಶನಿವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿರುವ ಅವನ ಪೆಟ್ಟಿಗೆ ಅಂಗಡಿಗೆ ಸಿಗರೇಟು ಕೊಳ್ಳಲು ಬಂದವಳು, ಕಿಂಡಿಯೊಳಗೆ ಚೌಕಟ್ಟು ಹಾಕಿಸಿದ ಫೋಟೊದಂತೆ ಕಾಣುತ್ತಿದ್ದ ಅವನನ್ನೇ ನೋಡುತ್ತ ನಿಂತಳು. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ತನ್ನ ಅಂಗಿಯ ಕೊರಳೊಳಗೆ ಥೂ ಥೂ ಥೂ ಎಂದು ಉಗಿದುಕೊಂಡಳು.

“ಏನಕ್ಕ, ಬೆಳಗ್ಗೆ ಬೆಳಗ್ಗೆನೇ ನನ್ನ ಮುಖ ನೋಡಿ ಉಗೀತಿದೀಯ?”

“ನಿನ್ನ ಒಳ್ಳೇದಕ್ಕೇ ಉಗೀತಿರೋದು ಕಣೋ. ನೀನು ನಮ್ಮ ಎರಡನೇ ಕೋಣೇಲಿದೀಯ.”

“ನಾನು ಇಲ್ಲಿದೀನಲ್ಲ.”

“ಇಲ್ಲೂ ಇದೀಯ. ಆಲಿವ್ ತೋಪಲ್ಲಿ ಆ ಗೋರಿಕಲ್ಲು ಸಿಕ್ತಲ್ಲ, ಅದಕ್ಕೆ ನಿನ್ನೆ ಒಂದು ತಲೆ ತಂದಿಟ್ರು. ನಿನ್ನ ತಲೆ. ಅದೇ ಇಳಿಬಿದ್ದ ಎಡಗಣ್ಣು, ಅದೇ ಅಗಲ ಕಿವಿ. ಏನೋ ಕೇಳೋಕೆ ಬಂದು ಮರೆತುಹೋದೋನ ಥರ ಅದೇ ಬಾಯಿ.”

ಸರಾಂದಿಸ್ ಬಾಯಿ ಮುಚ್ಚಿಕೊಂಡ. “ಅಲ್ಲಿ ನಾನು ಏನು ಮಾಡ್ತಿದೀನಿ?”

“ನಿಂತಿದೀಯ. ಕುರ್ಚೀಲಿ ಕೂತಿರೋರ ಕೈ ಹಿಡ್ಕೊಂಡಿದೀಯ. ಕೂತಿರೋರಿಗೆ ಇನ್ನೂ ತಲೆ ಇಲ್ಲ.” ಕ್ಸೇನಿ ದನಿ ತಗ್ಗಿಸಿದಳು. “ಗೋರಿಕಲ್ಲಲ್ಲಿ ಕೈ ಹಿಡಿದಿದ್ರೆ ಅದು ಕೊನೇ ಕೈ ಅಂತ ಅರ್ಥ. ಇಬ್ಬರಲ್ಲಿ ಒಬ್ರು ಹೊರಟಿದಾರೆ.”

“ಯಾರು?”

“ಅದನ್ನೂ ಹೇಳಬೇಕಾ? ಹೊರಡೋರು ನಿಂತಿರ್ತಾರೆ. ಕೂತವರು ಎಲ್ಲಿಗೆ ಹೋಗ್ತಾರೆ?”

ಬೇರೆ ದಿನವಾಗಿದ್ದರೆ ಸರಾಂದಿಸ್ ನಕ್ಕು, ಅವಳ ಕೈಗೆ ಸಿಗರೇಟು ಪ್ಯಾಕು ಕೊಟ್ಟು ಕಳಿಸುತ್ತಿದ್ದ. ಆದರೆ ಅವತ್ತು ಸಂಜೆ, ಅವನು ಮದುವೆಯಾಗಬೇಕೆಂದು ಕಾದಿದ್ದ ಅರೆತಿಯ ಮನೆಯಲ್ಲಿ ಮಾತು ಕೊಡುವ ಶಾಸ್ತ್ರವಿತ್ತು. ಆ ಊರಿನಲ್ಲಿ ಉಂಗುರಕ್ಕೆ ಅಂಥ ಬೆಲೆಯಿಲ್ಲ, ಅದು ಯಾವಾಗ ಬೇಕಾದರೂ ಬಂದೀತು. ಹುಡುಗಿಯ ಮನೆಯ ಹಿರಿಯರು ಕುರ್ಚಿಯಲ್ಲಿ ಕೂತು ಬಲಗೈ ಚಾಚಬೇಕು, ಹುಡುಗ ಎದುರಿಗೆ ನಿಂತು ಅದನ್ನು ಹಿಡಿಯಬೇಕು. ಹಿಡಿದರೆ ಮುಗಿಯಿತು, ಪಾದ್ರಿಯೂ ಬಿಡಿಸಲಾರ.

ಹಿರಿಯರು ಎಂದರೆ ಅರೆತಿಯ ತಾಯಿ ಎವಾಂಥಿಯಾ. ಗಂಡ ತೀರಿಕೊಂಡಾಗಿನಿಂದ ಕಪ್ಪುಬಟ್ಟೆ, ಗುಡ್ಡ ಹತ್ತಿ ಇಳಿದು ಸವೆದ ಮೊಣಕಾಲು, ಕಿಟಕಿಯ ಪಕ್ಕ ಒಂದು ಕುರ್ಚಿ. ಡಬ್ಬಿಯೊಳಗೆ ಕೂತು ಚ್ಯೂಯಿಂಗ್‌ಗಮ್ ಮಾರುವವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಆಕೆ ಆ ಕುರ್ಚಿಯಿಂದಲೇ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದಳು. ಅಷ್ಟರಲ್ಲಿ ಸರಾಂದಿಸ್‌ನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಈ ಈಸ್ಟರ್ ಹಬ್ಬದ ದಿನ ಅರೆತಿ ತಾಯಿಯ ಜತೆ ಮಾತು ಬಿಟ್ಟಳು. ಬೇಸಿಗೆ ಬರುವ ಹೊತ್ತಿಗೆ ಮುದುಕಿ ಸೋತಳು. “ಶನಿವಾರ ಸಂಜೆ ಬರಲಿ. ಅವತ್ತು ಕೈ ಹಿಡೀಲಿಲ್ಲ ಅಂದ್ರೆ ಭಾನುವಾರ ಔಷಧಿ ಅಂಗಡಿಯವರ ಅಣ್ಣನ ಮಗ ಬರ್ತಾನೆ,” ಎಂದು ಹೇಳಿ ಕಳಿಸಿದ್ದಳು.

ಎವಾಂಥಿಯಾ ಕೂತಿರುತ್ತಾಳೆ. ತಾನು ನಿಂತಿರುತ್ತೇನೆ. ಕೈ ಹಿಡಿಯುತ್ತೇನೆ. ಸರಾಂದಿಸ್ ಅಂಗಡಿಯ ಕಿಂಡಿ ಎಳೆದು ಹೊರಟ.

ಚೌಕದ ಹಿಪ್ಪುನೇರಳೆ ಮರದ ಕೆಳಗೆ ಕಾಫಿ ಕುಡಿಯುತ್ತಿದ್ದ ಗುಂಪು ಅವನಿಗಾಗಿಯೇ ಕಾದಂತಿತ್ತು.

“ಎಲ್ಲಿಗಪ್ಪ, ನಿನ್ನನ್ನೇ ಮಾತಾಡಿಸ್ಕೊಂಡು ಬರೋಕಾ?”

“ಟಿಕೆಟ್ ಕೇಳಿದ್ರೆ ಒಳಗಿರೋನ ಹೆಸರು ಹೇಳೋ. ನೆಂಟರಿಗೆ ಬಿಟ್ಟಿ ಬಿಡಬಹುದು.”

ಸರಾಂದಿಸ್ ಹತ್ತಿರದವನ ಹೆಗಲು ಮುಟ್ಟಿ, ಅಭ್ಯಾಸ ಬಲದಿಂದ ಕೈ ಚಾಚಿದ. ಕೂತಿದ್ದ ಮುದುಕ ತನ್ನೆರಡೂ ಕೈಗಳನ್ನು ಕಿಸೆಯೊಳಗೆ ಇಳಿಸಿಬಿಟ್ಟ. ಅವನ ಪಕ್ಕದವನು ಕುರ್ಚಿಯಿಂದ ಎದ್ದೇ ನಿಂತ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ, ಪಾದ್ರಿ ಬಂದಾಗಲೂ ಏಳದವರು, ಎದ್ದು ನಿಂತರು. ಯಾರೂ ನಗಲಿಲ್ಲ.

ಮ್ಯೂಸಿಯಂ ಊರಾಚೆ, ಹಾಳುಬಿದ್ದ ದೇಗುಲದ ಕಂಬಗಳ ಮಗ್ಗುಲಲ್ಲಿತ್ತು. ಆ ಕಂಬಗಳ ನೆರಳಲ್ಲೇ ಆಡಿ ಬೆಳೆದರೂ ಸರಾಂದಿಸ್ ಅದರೊಳಗೆ ಕಾಲಿಟ್ಟಿದ್ದು ಶಾಲೆಯ ಮಕ್ಕಳ ಸಾಲಿನಲ್ಲಿ ಒಮ್ಮೆ ಮಾತ್ರ. ಬಿಸಿಲು ನೆತ್ತಿಗೇರಿತ್ತು. ನೆರಳುಗಳು ಕಂಬಗಳ ಬುಡದೊಳಗೇ ಹೊಕ್ಕು ಅಡಗಿದ್ದವು. ಈ ಹೊತ್ತಿನಲ್ಲಿ ಹಳೆಯ ಕಲ್ಲುಗಳ ಹತ್ತಿರ ಸುಳಿಯಬೇಡ, ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡಬೇಡ ಎಂದು ಅವನ ಅಜ್ಜಿ ಹೇಳುತ್ತಿದ್ದಳು. ಜೀರುಂಡೆಗಳು ಕಿವಿಗಡಚಿಕ್ಕುವ ಹಾಗೆ ಅರಚುತ್ತಿದ್ದವು.

ಎರಡನೇ ಕೋಣೆಯ ಬಾಗಿಲಲ್ಲಿ ಕಾವಲುಗಾರ ಅನೆಸ್ತಿಸ್ ಕೊರಳಿಗೆ ಪೀಪಿ ಹಾಕಿಕೊಂಡು ಕೂತಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಅವನು ಸರಾಂದಿಸ್‌ನನ್ನು ನೋಡಿದ, ತಿರುಗಿ ಗೋಡೆಯ ಕಡೆ ನೋಡಿದ, ಮತ್ತೆ ಸರಾಂದಿಸ್‌ನನ್ನು ನೋಡಿದ.

“ಅಲ್ಲಿರೋನು ಸ್ವಲ್ಪ ತೆಳ್ಳಗಿದಾನೆ,” ಎಂದ.

ಒಳಗೆ ತಂಪು. ಒದ್ದೆ ಸುಣ್ಣದ ವಾಸನೆ. ಕತ್ತಿನಿಂದ ಮೇಲಕ್ಕೆ ಒಡೆದುಹೋದ ಎರಡು ಆಕೃತಿಗಳು, ಎರಡೂ ಕೊರಳವರೆಗೆ ಹೊದ್ದ ಬಟ್ಟೆಯಲ್ಲಿ ಸುತ್ತಿಕೊಂಡವು. ಹೆಣ್ಣೋ ಗಂಡೋ ಹೇಳುವಂತಿರಲಿಲ್ಲ. ನಿಂತ ಆಕೃತಿಯ ಮೇಲೆ ಜೇಡಿಮಣ್ಣಿನ ಉಂಡೆಯ ಆಸರೆಯಲ್ಲಿ ಕೂರಿಸಿದ್ದ ತಲೆ ನೇರವಾಗಿ ಇವನನ್ನೇ ನೋಡುತ್ತಿತ್ತು.

ಕನ್ನಡಿಯಲ್ಲಿ ಕಾಣುವ ಮುಖಕ್ಕೆ ನಾವು ನೋಡುತ್ತಿದ್ದೇವೆ ಎಂಬುದು ಗೊತ್ತಿರುತ್ತದೆ. ಈ ಮುಖಕ್ಕೆ ಅದು ಗೊತ್ತಿರಲಿಲ್ಲ. ಯಾರೂ ಇಲ್ಲದಾಗ ತಾನು ಹೇಗಿರುತ್ತೇನೋ ಹಾಗೆ ಅದು ಇತ್ತು. ಎಡ ಕಿವಿಯ ಕೆಳಗಿನ ಚುಕ್ಕೆಯನ್ನೂ ಶಿಲ್ಪಿ ಬಿಟ್ಟಿರಲಿಲ್ಲ. ಕೆಳಗೆ ಎರಡು ಕೈಗಳು. ನಿಂತವರ ಹೆಬ್ಬೆರಳು ಕೂತವರ ಮುಂಗೈಯನ್ನು ಒತ್ತಿದ ಕಡೆ ಅಮೃತಶಿಲೆ ಮಾಂಸದ ಹಾಗೆ ಸ್ವಲ್ಪ ತಗ್ಗಿತ್ತು.

ಸರಾಂದಿಸ್‌ನ ತಲೆ ತಾನಾಗಿ ಒಂದು ಕಡೆ ವಾಲಿತು. ಕಲ್ಲಿನ ತಲೆಯೂ ಅದೇ ಕಡೆ ವಾಲಿತ್ತು. ಪೀಪಿ ಕೂಗಿತು.

“ಮೂರ್ತಿಗಳ ಪಕ್ಕ ಅವುಗಳ ಹಾಗೆ ನಿಲ್ಲೋದು ನಿಷೇಧ.”

“ನಾನು ಅದರ ಹಾಗೆ ನಿಂತಿಲ್ಲ ಕಣೋ. ನಾನು ನಿಲ್ಲೋದೇ ಹೀಗೆ.”

“ಅದು ನನಗೆ ಗೊತ್ತು. ನಿಯಮಕ್ಕೆ ಗೊತ್ತಿಲ್ಲ. ಬೇರೆ ಮುಖ ಮಾಡು.”

ಸರಾಂದಿಸ್ ಕೆನ್ನೆ ಉಬ್ಬಿಸಿದ. ಒಳಗೆ ಬಂದ ಇಬ್ಬರು ಪ್ರವಾಸಿಗರು, ಇದು ಮ್ಯೂಸಿಯಂನವರೇ ಏರ್ಪಡಿಸಿದ ಮನರಂಜನೆ ಎಂದುಕೊಂಡು ಚಪ್ಪಾಳೆ ತಟ್ಟಿ ಫೋಟೊ ತೆಗೆದರು. ಅನೆಸ್ತಿಸ್ ಅವರಿಗೂ ಪೀಪಿ ಊದಿದ. ಅವರು ಹೋದರು. ಆಗ, ಯಾರೋ ಗುಂಡಿ ಒತ್ತಿದ ಹಾಗೆ, ಹೊರಗೆ ಜೀರುಂಡೆಗಳೆಲ್ಲ ಒಟ್ಟಿಗೇ ನಿಂತುಹೋದವು.

ಆ ಮೌನದಲ್ಲಿ ಕಾಲುದಾರಿಯ ಮೇಲೆ ಹೆಜ್ಜೆಗಳು ಕೇಳಿಸಿದವು. ಅನೆಸ್ತಿಸ್ ಕೂಡ ಎದ್ದು ನಿಂತ. ಬಂದವಳು ಇಸ್ಮಿನಿ, ಒಡೆದ ಕಲ್ಲುಗಳನ್ನು ಜೋಡಿಸಲು ಪಟ್ಟಣದಿಂದ ಬಂದಿದ್ದ ಹುಡುಗಿ. ಕೈಯಲ್ಲಿ ಹಸುಗೂಸನ್ನು ಎತ್ತಿಕೊಂಡ ಹಾಗೆ ಒಂದು ಮರದ ಪೆಟ್ಟಿಗೆ.

“ಎರಡನೇ ತಲೆ,” ಎಂದು ಹೇಳಿ ಹತ್ತಿಯನ್ನು ಸರಿಸಿದಳು.

ಹಿಂದಕ್ಕೆ ಬಿಗಿದು ಕಟ್ಟಿದ ತುರುಬು. ಮುಂದೆ ಬಂದ ಗದ್ದ. ಇನ್ನೊಬ್ಬರ ಮನೆಯ ಅಡುಗೆಯಲ್ಲಿ ಉಪ್ಪು ಹೆಚ್ಚಾಗಿದೆ ಎಂದು ಹೇಳದೆ ಹೇಳುವ ತುಟಿಗಳು. ಅನೆಸ್ತಿಸ್ ಟೋಪಿ ತೆಗೆದ.

“ನಮಸ್ಕಾರ ಎವಾಂಥಿಯಾ ಅಮ್ಮಾವ್ರೆ,” ಎಂದುಬಿಟ್ಟ ಬಾಯಿತಪ್ಪಿ.

ಕಸಪೊರಕೆಯ ಜತೆ ಬಾಗಿಲಲ್ಲಿ ನಿಂತಿದ್ದ ಕ್ಸೇನಿ ಅಂಗಿಯೊಳಗೆ ಉಗಿದುಕೊಂಡಳು.

ಸರಾಂದಿಸ್ ಪೆಟ್ಟಿಗೆಯ ಹತ್ತಿರ ಬಂದ. “ಮೇಡಂ, ಇವರಿಬ್ಬರಲ್ಲಿ ಸತ್ತಿರೋದು ಯಾರು?”

ಇಸ್ಮಿನಿ ಕತ್ತಿನ ಒಡಕನ್ನು ಬ್ರಷ್ಷಿನಿಂದ ಉಜ್ಜುತ್ತ ತಲೆಯೆತ್ತದೆ ಹೇಳಿದಳು: “ಸಾಮಾನ್ಯವಾಗಿ ಕೂತಿರೋರು. ನಿಂತಿರೋನು ಉಳಿದೋನು, ಪಾಪ. ಸ್ವಲ್ಪ ಆಚೆ ಹೋಗ್ತೀರಾ? ನೀವಿಬ್ಬರೂ ಒಟ್ಟಿಗೆ ಹೀಗೆ ನೋಡ್ತಾ ಇದ್ರೆ ನನ್ನ ಕೈ ನಡುಗುತ್ತೆ.”

ಸರಾಂದಿಸ್ ಹೊರಗೆ ಬಂದು ಒಂದು ಕಂಬದ ಬುಡದಲ್ಲಿ ನಿಂತು ಆಳವಾಗಿ ಉಸಿರೆಳೆದ. ತಾನು ಸಾಯುವುದಿಲ್ಲ. ಆ ಸಂತೋಷ ಹೊಟ್ಟೆಗಿಳಿಯುವಷ್ಟರಲ್ಲೇ ಹುಳಿಯಾಯಿತು. ಕೈ ಹಿಡಿದರೆ ಮುದುಕಿ ಹೋಗುತ್ತಾಳೆ. ಹಿಡಿಯದಿದ್ದರೆ ಅರೆತಿ ಹೋಗುತ್ತಾಳೆ, ಔಷಧಿ ಅಂಗಡಿಯವರ ಮನೆಗೆ. ಎವಾಂಥಿಯಾ ಬಗ್ಗೆ ಅವನಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೆ ತಾನು ಹಿಡಿದ ಕೈಯಿಂದಲೇ ತಾಯಿ ಹೋದಳು ಎಂದು ಅರೆತಿ ಕಪ್ಪುಬಟ್ಟೆಯಲ್ಲಿ ನಿಂತು ತನ್ನ ಕೈಯನ್ನೇ ನೋಡುವ ಚಿತ್ರ ಕಣ್ಣಿಗೆ ಕಟ್ಟಿತು. ಯೋಚಿಸಿ ಯೋಚಿಸಿ ಒಂದು ಉಪಾಯ ಹೊಳೆಯಿತು. ಇಬ್ಬರೂ ನಿಂತೇ ಕೈ ಹಿಡಿದರೆ? ಆಗ ಕಲ್ಲಿಗೂ ತಮಗೂ ಸಂಬಂಧವೇ ಇಲ್ಲ.

ಮಧ್ಯಾಹ್ನ ಅವನು ಊಟ ಮಾಡಲಿಲ್ಲ. ಮದುವೆಗೆಂದು ಎತ್ತಿಟ್ಟಿದ್ದ ಬಿಗಿಯಾದ ಷೂ ಹಾಕಿಕೊಂಡು, ಬಕ್ಲಾವಾ ಸಿಹಿಯ ತಟ್ಟೆ ಹಿಡಿದು, ಬಿಸಿಲು ಇಳಿಯುವ ಮುಂಚೆಯೇ ಗುಡ್ಡದ ಮೆಟ್ಟಿಲು ಹತ್ತಿದ. ಕಿಟಕಿ ಕಿಟಕಿಗಳಲ್ಲಿ ಮುಖಗಳು. ಯಾರೂ ಶುಭ ಹಾರೈಸಲಿಲ್ಲ, ಎಲ್ಲರೂ ಅವನ ಬಲಗೈ ನೋಡಿದರು.

ಬಾಗಿಲು ತೆಗೆದ ಅರೆತಿಯ ಕಣ್ಣು ಕೆಂಪಾಗಿತ್ತು. “ನೀನೇ ಏನಾದ್ರೂ ಮಾಡು,” ಎಂದಳು ಮೆಲ್ಲಗೆ. “ಕ್ಸೇನಿ ಅಕ್ಕ ಬಂದು ಹೋದಾಗಿನಿಂದ ಅಮ್ಮ ಕೂತೇ ಇಲ್ಲ.”

ಕೋಣೆಯ ತುಂಬ ನೆರೆಹೊರೆಯವರು. ನಟ್ಟನಡುವೆ ಖಾಲಿ ಕುರ್ಚಿ. ಅದರ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು, ಬಿರುಗಾಳಿಯಲ್ಲಿ ದೋಣಿ ನಡೆಸುವವಳ ಹಾಗೆ, ಎವಾಂಥಿಯಾ ಹಿಂದೆ ನಿಂತಿದ್ದಳು. ಕಪ್ಪು ಲಂಗದೊಳಗೆ ಮೊಣಕಾಲುಗಳು ನಡುಗುವುದು ಬಾಗಿಲವರೆಗೂ ಕಾಣುತ್ತಿತ್ತು.

“ಬಂದೆಯೇನಪ್ಪ? ನನ್ನನ್ನ ಕೂರಿಸೋಕೆ?”

“ಅಮ್ಮ, ಕಾಲು ನೋವು...” ಅರೆತಿ ಶುರು ಮಾಡಿದಳು.

“ನೀನು ಸುಮ್ನಿರು. ಈಸ್ಟರ್‌ನಿಂದ ಮಾತಾಡದೋಳು ಇವತ್ತು ಕೂತ್ಕೋ ಕೂತ್ಕೋ ಅಂತಿದಾಳೆ, ನೋಡ್ರಮ್ಮ. ಕೂರಲ್ಲ. ಬರೋ ಈಸ್ಟರ್‌ವರೆಗೂ ನಿಂತಿರ್ತೀನಿ.”

ಸರಾಂದಿಸ್ ತಟ್ಟೆಯನ್ನು ಮೇಜಿನ ಮೇಲಿಟ್ಟ. “ಕೂರಬೇಡಿ,” ಎಂದ.

“ಏನಂದೆ?”

“ಕೂರಬೇಡಿ ಅಮ್ಮ. ಅದನ್ನೇ ಕೇಳ್ಕೊಳ್ಳೋಕೆ ಬಂದೆ. ನೀವೂ ನಿಂತಿರಿ, ನಾನೂ ನಿಂತಿರ್ತೀನಿ. ಹಾಗೇ ಕೈ ಕೊಡಿ. ನೀವು ಚೆನ್ನಾಗಿರಬೇಕು. ಅಂಗಡಿಗೆ ಬಂದು ದಿನಾ ಬೈತಾ ಇರಬೇಕು.”

ಎವಾಂಥಿಯಾಳ ತುಟಿಯಲ್ಲಿದ್ದ ಉಪ್ಪಿನ ಬಿಗಿ ಮೊದಲ ಸಲ ಸಡಿಲವಾಯಿತು. ಅವಳು ಕುರ್ಚಿಯನ್ನು ಸುತ್ತಿ, ಅವನನ್ನೂ ದಾಟಿ ಬಂದು ನಿಂತಳು, ಅವನು ಅವಳ ಕಡೆ ತಿರುಗಿದ. ಇಬ್ಬರ ನಡುವೆ ಈಗ ಏನೂ ಇರಲಿಲ್ಲ. ಕುರ್ಚಿ ಸರಾಂದಿಸ್‌ನ ಬೆನ್ನ ಹಿಂದೆ ಉಳಿಯಿತು.

“ಡಬ್ಬಿಯೊಳಗಿದ್ರೂ ಮನುಷ್ಯ ಒಳ್ಳೇವನೇ,” ಎನ್ನುತ್ತ ಬಲಗೈ ಚಾಚಿದಳು.

ಸರಾಂದಿಸ್ ಹಿಡಿದ. ಹಿಡಿದ ಕ್ಷಣವೇ ಬೆಳಗಿನಿಂದ ಉಣ್ಣದ ಹೊಟ್ಟೆ, ಬಿಸಿಲು, ಬಿಗಿ ಷೂ, ವರ್ಷಗಟ್ಟಲೆ ಕಾದ ಸುಸ್ತು ಎಲ್ಲ ಸೇರಿ ಒಮ್ಮೆಗೇ ಮೊಣಕಾಲಿಗೆ ಇಳಿದವು. ಕಣ್ಣಿಗೆ ಕತ್ತಲೆ ಬಂತು. ಹಿಂದೆ ಏನೋ ತಗುಲಿತು. ಅವನು ಮೆತ್ತಗೆ, ಯಾರೋ ಹೆಗಲು ಹಿಡಿದು ಇಳಿಸಿದ ಹಾಗೆ, ಅದರ ಮೇಲೆ ಕುಸಿದ.

“ಮಾತು ಕೊಟ್ಟಾಯ್ತು,” ಎಂದಳು ಎವಾಂಥಿಯಾ ಎಲ್ಲರಿಗೂ ಕೇಳುವಂತೆ. ಜನ ಚಪ್ಪಾಳೆ ತಟ್ಟಿದರು. ಅರೆತಿ ಅಳುತ್ತ ನಗುತ್ತ ಬಕ್ಲಾವಾ ಹಂಚತೊಡಗಿದಳು. ಸರಾಂದಿಸ್‌ನ ಕಣ್ಣಿನ ಕತ್ತಲೆ ತಿಳಿಯಾಯಿತು. ಅವನಿಗೂ ನಗು ಬಂತು. ಕೂತರೇನು, ಕಲ್ಲಿನಲ್ಲಿ ತಾನು ನಿಂತವನು.

ಆಗ ಅನೆಸ್ತಿಸ್ ಏದುಸಿರು ಬಿಡುತ್ತ ಒಳಗೆ ಬಂದ. ಟೋಪಿ ಕೈಯಲ್ಲಿತ್ತು.

“ಎಲ್ಲರೂ ನಿಶ್ಚಿಂತೆಯಾಗಿರಿ. ಕಲ್ಲಿನ ತಾಪತ್ರಯ ಮುಗೀತು,” ಎಂದು ಬಾಗಿಲಿಂದಲೇ ಹೇಳುತ್ತ ಬಂದ. “ಅಮ್ಮಾವ್ರೆ, ನಿಮಗೇನೂ ಆಗಲ್ಲ. ನಿಮ್ಮ ತಲೆ ಕೂತಿರೋರ ಕತ್ತಿಗೆ ಹೊಂದ್ಲೇ ಇಲ್ಲ. ಇಸ್ಮಿನಿ ಮೇಡಂ ಸಂಜೆವರೆಗೂ ಒದ್ದಾಡಿದ್ರು. ಕೊನೆಗೆ ಅದಲು ಬದಲು ಮಾಡಿ ನೋಡಿದ್ರು. ಈಗ ಕೂದಲು ತೂರಿಸೋಷ್ಟೂ ಸಂದಿಲ್ಲ. ನಿಂತಿರೋದು ನೀವು. ಕುರ್ಚೀಲಿ ಕೂತಿರೋದು...”

ಅವನ ಕಣ್ಣು ಕುರ್ಚಿಯ ಮೇಲೆ ಬಿತ್ತು. ಮಾತು ನಿಂತಿತು. ಅಭ್ಯಾಸದಂತೆ ಅವನ ಕೈ ಪೀಪಿಯನ್ನು ತುಟಿಯವರೆಗೆ ಒಯ್ದು, ಊದದೆ ಕೆಳಗಿಳಿಸಿತು.

ಹೊರಗೆ ಜೀರುಂಡೆಗಳು ಒಟ್ಟಿಗೇ ನಿಂತುಹೋದವು.

ಸರಾಂದಿಸ್ ಏಳಲು ನೋಡಿದ. ಆಗಲಿಲ್ಲ. ಎವಾಂಥಿಯಾ ಕೈ ಬಿಟ್ಟಿರಲಿಲ್ಲ. ಅವಳ ಹೆಬ್ಬೆರಳು ಅವನ ಮುಂಗೈಯನ್ನು ಒತ್ತಿದ ಕಡೆ ಚರ್ಮ ಸ್ವಲ್ಪ ತಗ್ಗಿತ್ತು. ಅವಳ ಮೊಣಕಾಲು ಈಗ ಒಂದಿಷ್ಟೂ ನಡುಗುತ್ತಿರಲಿಲ್ಲ.

“ಕೂತ್ಕೊಳ್ಳಿ ಅಳಿಯಂದ್ರೆ,” ಎಂದಳು ಅವಳು, ಯಾರೂ ಈವರೆಗೆ ಅವಳ ಬಾಯಲ್ಲಿ ಕೇಳಿರದ ಮೆಲುದನಿಯಲ್ಲಿ. “ಏನು ಅವಸರ? ಈಗ ನಿಮಗೆ ಎಲ್ಲಿಗೆ ಹೋಗೋದಿದೆ?”