ಅಳತೆ ಕಲ್ಲಿಗೆ ಕುಂಕುಮ

ಮಳೆಗಾಲ ಬಂತೆಂದರೆ ನಮ್ಮ ಆಫೀಸಿನಲ್ಲಿ ನೀರಿಗಿಂತ ಮೊದಲು ಅಂದಾಜು ಉಕ್ಕುತ್ತದೆ. ಹರಿಹರದ ಹತ್ತಿರದ ಒಡ್ಡಿನ ಕೋಡಿ ಮೇಲೆ ಎಷ್ಟು ನೀರು ಹರಿಯುತ್ತಿದೆ ಎಂದು ದಾವಣಗೆರೆಯಲ್ಲಿ ಕೂತು ಲೆಕ್ಕ ಹಾಕುವ ಇಂಜಿನಿಯರ್ ನಾನು. ನೋಡಿ ಹೇಳುವವರು ಅಲ್ಲಿನ ಹಿರಿಯ ಕಾವಲುಗಾರರು. ಲೆಕ್ಕ ತಪ್ಪಿದರೆ ದಡದ ಓಣಿಗೆ ನೀರು ನುಗ್ಗುತ್ತದೆ. ಅವರ ಮನೆಯೂ ಅಲ್ಲೇ.

೧. ಮೊಣಕಾಲು

ಕೋಡಿ ಪಕ್ಕ ನೀರಿನ ಮಟ್ಟ ತೋರಿಸುವ ಅಳತೆ ಕಲ್ಲಿನ ಅಂಕಿಗಳು ಅಳಿಸಿ ಎಷ್ಟೋ ಮಳೆಗಾಲ ಕಳೆದಿದ್ದವು. ಕಾವಲುಗಾರರಿಗೆ ಫೋನ್ ಮಾಡಿದೆ.

"ಕೋಡಿ ಮ್ಯಾಲೆ ಮೊಣಕಾಲು ಮಟ ಐತ್ರಿ ಮೇಡಂ."

"ಆ ಸೆಳವಿನಲ್ಲಿ ಇಳಿದ್ರಾ ಯಜಮಾನ್ರೆ?"

"ನನಗೇನ್ ಹುಚ್ಚೇನ್ರಿ? ನಮ್ಮ ಎಮ್ಮೆ ಮೊಣಕಾಲು."

೨. ದಶಾಂಶ

ನಮ್ಮ ಸಾಹೇಬರಿಗೆ ದಶಾಂಶದ ನಂತರ ಮೂರು ಅಂಕಿ ಬೇಕೇ ಬೇಕು. ಎಮ್ಮೆ ದಡಕ್ಕೆ ಬಂದ ಮೇಲೆ ಅದರ ಕಾಲಿಗೆ ಟೇಪು ಹಿಡಿಸಿ, ಕಾಲೇಜಿನಲ್ಲಿ ಕಲಿತ ಸೂತ್ರಕ್ಕೆ ಹಾಕಿ ಒಪ್ಪಿಸಿದೆ.

"ನಿಖರತೆ ಅಂದ್ರೆ ಇದು. ಯಾವ ಉಪಕರಣ?"

"ಲೋಕಲ್ ಸರ್."

"ಹಂಗಾದ್ರೆ ಇನ್ನೆರಡು ತರಿಸಿಬಿಡ್ರಿ."

೩. ಕುಂಕುಮ

ಇದು ಸರಿಹೋಗದು ಎಂದು ನಾನೇ ಹೋಗಿ, ಅಪಾಯದ ಮಟ್ಟ ಅಳೆದು, ಕಲ್ಲಿನ ಮೇಲೆ ತೋರಿಸಿದೆ. ಬಣ್ಣ ಇರಲಿಲ್ಲ. ಕಾವಲುಗಾರರು ಮನೆಯಿಂದ ಕುಂಕುಮ ತಂದು ಅಲ್ಲಿಗೆ ದೊಡ್ಡ ಬೊಟ್ಟಿಟ್ಟರು.

"ಇದು ಮುಳುಗೋ ಹೊತ್ತಿಗೆ ಓಣಿ ಖಾಲಿ ಆಗಿರಬೇಕು" ಎಂದೆ.

ಮುಂದಿನ ಶುಕ್ರವಾರ ಹೊಳೆ ಏರಿತು. ಗಂಟೆಗೊಮ್ಮೆ ಫೋನ್. ಒಂಬತ್ತಕ್ಕೆ, "ಬೊಟ್ಟಿಗಿಂತ ಒಂದು ಗೇಣು ಕೆಳಗೈತ್ರಿ." ಹತ್ತಕ್ಕೂ ಒಂದು ಗೇಣು. ಹನ್ನೊಂದಕ್ಕೂ ಅದೇ ಗೇಣು.

"ಇಷ್ಟು ಶಿಸ್ತಿನ ಪ್ರವಾಹ ನನ್ನ ಸರ್ವೀಸಿನಾಗೇ ನೋಡಿಲ್ಲ" ಎಂದರು ಸಾಹೇಬರು.

ನನಗೆ ಆ ಶಿಸ್ತಿನ ಮೇಲೇ ಅನುಮಾನ. ಜೀಪು ಹತ್ತಿದೆ. ಹೋಗಿ ನೋಡಿದರೆ ನೀರು ಓಣಿಯ ಮೊದಲ ಹೊಸ್ತಿಲು ಮುಟ್ಟಿದೆ. ಕಾವಲುಗಾರರು ಕಲ್ಲಿನ ಪಕ್ಕದ ಒಡ್ಡಿನ ಮೇಲೆ ಸ್ಟೂಲ್ ಹಾಕಿಕೊಂಡು, ಕುಂಕುಮದ ಭರಣಿ ಹಿಡಿದು ನಿಂತಿದ್ದಾರೆ. ಕಲ್ಲಿನ ನಡುಮಟ್ಟಕ್ಕಿದ್ದ ಬೊಟ್ಟು ಅದರ ತುದಿಗೆ ಏರಿದೆ.

"ಬೊಟ್ಟು ಮೇಲೆ ಹೆಂಗೆ ಹೋಯ್ತು?"

"ನೀರು ತೊಳ್ಕೊಂಡು ಹೋಗ್ತೈತ್ರಿ. ಶುಕ್ರವಾರ ಗಂಗಮ್ಮನ್ನ ಬರೀ ಹಣೇಲಿ ಬಿಡಾಕಾಗ್ತೈತಾ? ಮುಳುಗೋ ಮುಂಚೆ ಒಂದೊಂದು ಗೇಣು ಮ್ಯಾಲೆ ಇಡ್ತಾ ಇದೀನಿ."

ಓಣಿಯೊಳಗೆ ಓಡಿದೆ. ಎಲ್ಲಾ ಮನೆಗೂ ಬೀಗ. ದಿಬ್ಬದ ಮೇಲಿನ ಶಾಲೆಯ ಜಗುಲಿಯಲ್ಲಿ ಓಣಿಗೆ ಓಣಿಯೇ ಕೂತು ಮಂಡಕ್ಕಿ ತಿನ್ನುತ್ತಿತ್ತು. ಕಾವಲುಗಾರರ ಹೆಂಡತಿ ಕಂಬಕ್ಕೆ ಕಟ್ಟಿದ ಎಮ್ಮೆಯ ಬೆನ್ನು ಸವರುತ್ತಾ ಹೇಳಿದರು:

"ಇವತ್ತು ಬೆಳಿಗ್ಗೆ ಇದು ಹೊಳೆಗೆ ಇಳೀಲೇ ಇಲ್ಲ ಕಣ್ರಿ ಮೇಡಂ. ಆಗಲೇ ಎಲ್ಲಾರೂ ಗಂಟು ಕಟ್ಟಿದ್ವಿ. ನಮ್ಮ ಮನೆಯವರ ಬೊಟ್ಟು ನಂಬಿಕೊಂಡು ಯಾರ್ ಕೂಡ್ತಾರ್ರಿ?"