ಗುರುವಾರದ ಕೊಲಿ

ಕೇಬಲ್ ನಡಸಾಂವ್ಗ ಮಂದಿ ಬೈಗಳ ತಪ್ಪಿದ್ದಲ್ಲ ಬಿಡ್ರಿ. ತೊಂಬತ್ತರ ದಶಕದಾಗ ಮುದ್ದೇಬಿಹಾಳದಾಗ ನಾನೂ ನಮ್ಮಣ್ಣನೂ ಕೂಡಿ ಕೇಬಲ್ ನಡಸ್ತಿದ್ವಿ. ನಮ್ಮ ಲೋಕಲ್ ಚಾನೆಲ್‌ನಾಗ ವಾರಕ್ಕ ಆರು ದಿನ ಅಣ್ಣನ ಫೈಟಿಂಗ್ ಪಿಕ್ಚರ್. ಗುರುವಾರ ಸಂಜಿ ಮಾತ್ರ ನಂದು. ಹಳೇ ಕಪ್ಪು-ಬಿಳುಪು ಕೊಲಿ ಪಿಕ್ಚರ್ ಹಾಕ್ತಿದ್ದೆ. ಒಂದು ಮನಿ, ಒಂದು ಹೆಣ, ಏಳು ಮಂದಿ, ಏಳೂ ಮಂದಿ ಸುಳ್ಳರು. ಒಂದೂಕಾಲು ತಾಸಿಗೆ ಖಲಾಸ್! ನನಗ ಅದರಷ್ಟು ಪ್ರೀತಿದ್ದು ಇನ್ನೊಂದಿರಲಿಲ್ಲ. ಯಾರರೆ ಬೈಲಿ, ಹಾಕಾಂವ ನಾ.

೧. ಅರ್ಧಾ ಪಿಕ್ಚರ್

ಮೊದಲನೇ ವಾರನ ಅಡತಿ ಅಂಗಡಿ ಸಾಹುಕಾರ್ರು ಫೋನ್ ಹಚ್ಚಿದ್ರು.

“ಏನಲೇ, ಅರ್ಧಾ ಪಿಕ್ಚರ್ ತೋರ್ಸಿ ಬಂದ್ ಮಾಡೀದಿ?”

“ಪೂರಾ ಮುಗೀತ್ರಿ. ಕೊಂದಾಂವ ಸಿಕ್ನಲ್ರಿ.”

“ಒಂದರೆ ಹಾಡು ಬ್ಯಾಡೇನು?”

“ಹೆಣ ಬಿದ್ದ ಮನ್ಯಾಗ ಯಾರ್ ಹಾಡ್ತಾರ್ರಿ ಸಾಹುಕಾರ್ರ?”

ಫಟ್ ಅಂತ ಫೋನ್ ಇಟ್ಟಬಿಟ್ರು.

೨. ಎಮ್ಮಿ

ಮುಂದ ಒಂದಿನ ಹವಾಲ್ದಾರ್ರು ಖುದ್ದ ನಮ್ಮ ಖೋಲಿಗೆ ಬಂದ್ರು.

“ತಮ್ಮಾ, ಇದನ್ನ ನಿಲ್ಲಸು. ನಿನ್ನ ಪಿಕ್ಚರ್‌ನಾಗ ತಾಸಿನ್ಯಾಗ ಕೊಲೆಗಾರನ್ನ ಹಿಡೀತಾರ. ನಮ್ಮ ಮನಿಯಾಕಿ, ‘ನಿಮಗ ಒಂದು ಎಮ್ಮಿ ಕಳ್ಳನ್ನ ಹಿಡಿಯಾಕ ವರ್ಷಾದ್ರೂ ಆಗವಲ್ದು’ ಅಂತ ಗುರುವಾರಕ್ಕೊಮ್ಮೆ ಮಾನ ತಗೀತಾಳ.”

“ನೀವು ಎಮ್ಮಿ ಕಳ್ಳನ್ನ ಹಿಡೀರಿ ಸಾಹೇಬ್ರ, ನಾ ಅವತ್ತ ನಿಲ್ಲಸ್ತೇನಿ,” ಅಂದೆ.

ಅವರು ಹೋದ ಮ್ಯಾಲೆ ಅಣ್ಣ ಹರಿಹಾಯ್ದ.

“ಸಾಕಪಾ ನಿನ್ನ ಹೆಣದ ಉಸಾಬರಿ! ಇನ್ನೊಂದು ತಕರಾರ ಬಂತಂದ್ರ ನಿನ್ನ ಗುರುವಾರನೂ ಇಲ್ಲ, ಕ್ಯಾಸೆಟ್ಟೂ ಇಲ್ಲ. ಎಲ್ಲಾ ಒಯ್ದು ಗುಜರಿಗೆ ಹಾಕ್ತೇನಿ.”

ನನಗ ಸಿಟ್ಟು ನೆತ್ತಿಗೇರಿತು. ಮುಂದಿನ ಗುರುವಾರ ಎಲ್ಲಾಕ್ಕಿಂತ ಹಳೇದನ್ನ ಹುಡುಕಿ ಹಾಕಿದೆ.

೩. ಅರ್ಜಿ

ಅವತ್ತ ಪತ್ತೇದಾರ ಏಳೂ ಮಂದೀನ ಪಡಸಾಲ್ಯಾಗ ಕೂಡಿಸಿ, ಕೊಂದಾಂವ ಇಲ್ಲೇ ಅದಾನ ಅಂತ ಹೇಳಿ ಬಟ್ಟು ಎತ್ತಿದ. ಅಷ್ಟರಾಗ ಊರಾಗ ಕರೆಂಟ್ ಹೋತು. ಬಂದದ್ದು ಮರದಿನಾನ.

ಮರದಿನ ಓಣಿ ಹಿರ್ಯಾರು ಬಂದು ಅಣ್ಣನ ಕೈಯಾಗ ಒಂದು ಅರ್ಜಿ ಕೊಟ್ಟು ಹೋದ್ರು. ಕೆಳಗ ನಲವತ್ತು ಸಹಿ. ಅಣ್ಣ ಗಟ್ಟಿಯಾಗಿ ಓದಿದ:

“ಹಾಡಿಲ್ಲದ, ಫೈಟಿಂಗ್ ಇಲ್ಲದ ಈ ಕೊಲೆ ಚಿತ್ರಗಳನ್ನು ಕೂಡಲೇ ನಿಲ್ಲಿಸಬೇಕಾಗಿ ವಿನಂತಿ.”

“ಕೇಳಿದೇನು? ಮುಗೀತು ನಿನ್ನ ಗುರುವಾರ!”

“ಕೆಳಗ ಇನ್ನೊಂದು ಸಾಲು ಐತಿ. ಅದನ್ನೂ ಓದು,” ಅಂದೆ.

ಅಣ್ಣ ಓದಿದ: “ನಿಲ್ಲಿಸುವ ಮುನ್ನ, ನಿನ್ನೆಯ ಚಿತ್ರದಲ್ಲಿ ಕೊಂದವನು ಯಾರೆಂದು ದಯಮಾಡಿ ತಿಳಿಸಬೇಕು.”

“ನಾ ಹೇಳಂಗಿಲ್ಲ. ಗುರುವಾರ ಅದನ್ನ ಮತ್ತ ಹಾಕ್ತೇನಿ. ಬೇಕಾದಾವ್ರು ನೋಡ್ಲಿ.”

ಅಣ್ಣ ಕಿಸೇದಾಗಿನ ಪೆನ್ ತಗದು, ಆ ಕಡೀ ಸಾಲಿನ ಕೆಳಗ ತಾನೂ ಒಂದು ಸಹಿ ಹೊಡದ.