ನೇರಳೆ ತಿಂದ ನಾಲಿಗೆಯ ಬಣ್ಣ

ಹೊಲದ ಬದುವಿಗಾಗಿ ಜಗಳವಾಡಿದವರನ್ನು ನೀವು ನೋಡಿರುತ್ತೀರಿ. ನಲ್ಲಿಯ ಸರದಿಗಾಗಿ ಕೊಡ ಎತ್ತಿದವರನ್ನೂ ನೋಡಿರುತ್ತೀರಿ. ಆದರೆ ಸಿನಿಮಾ ನಾಯಕಿಯ ಸೀರೆಯ ಬಣ್ಣ ಸೀಡಿಯಲ್ಲಿ ಕೆಟ್ಟಿದೆಯೆಂದು ನಾಲ್ಕು ವರ್ಷ ಕಂಡಕಂಡವರ ಮೇಲೆಲ್ಲ ಹರಿಹಾಯ್ದವರು ನಮ್ಮ ಸೋದರಮಾವ ಒಬ್ಬರೇ! ಹುಚ್ಚು ಎನ್ನುತ್ತೀರಾ? ಸ್ವಲ್ಪ ತಡೆಯಿರಿ. ನಾನೂ ಹಾಗೇ ಅಂದವನು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾವ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ಅವರ ಕೈ ಮೊಣಕೈವರೆಗೆ ಯಾವಾಗಲೂ ಯಾವುದಾದರೊಂದು ಬಣ್ಣದಲ್ಲಿರುತ್ತಿತ್ತು. ಅವರು ಹಸಿರು ಕೈಯಲ್ಲಿ ಮುದ್ದೆ ಮುರಿಯುವುದನ್ನು ಕಂಡು ಚಿಕ್ಕಂದಿನಲ್ಲಿ ನಾನು ಹೆದರಿ ಅತ್ತಿದ್ದೆನಂತೆ. ಕೆಂಪು, ನೀಲಿ ಎಂಬ ಮಾತೇ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಈರುಳ್ಳಿ ಸಿಪ್ಪೆ, ಮಾವಿನ ಚಿಗುರು, ಹಳೇ ಬೆಲ್ಲ, ಹೀಗೇ ಹೇಳುತ್ತಿದ್ದರು.

ಅವರ ಮದುವೆ ಗೊತ್ತಾದ ಹೊಸತರಲ್ಲಿ ಊರಿನ ಟೆಂಟಿಗೆ ಒಂದು ಬಣ್ಣದ ಸಿನಿಮಾ ಬಂದಿತ್ತು. ಅದರ ಒಂದು ಹಾಡಿನಲ್ಲಿ ನಾಯಕಿ ಉಟ್ಟಿದ್ದ ಸೀರೆ ಕಂಡು ಮಾವ ಮರುಳಾದರು. ಒಂಬತ್ತು ದಿನ ಟೆಂಟಿಗೆ ಹೋದರು. ಒಂಬತ್ತು ದಿನವೂ ಆ ಹಾಡು ಮುಗಿದ ಕೂಡಲೇ ಎದ್ದು ಬಂದರು. ಸಿನಿಮಾದ ಕಥೆ ಏನೆಂದು ಇವತ್ತಿಗೂ ಅವರಿಗೆ ಗೊತ್ತಿಲ್ಲ! ಹಾಗೆ ನೋಡಿ ನೋಡಿ ನೂಲಿಗೆ ತಾವೇ ಬಣ್ಣ ಹಾಕಿ, ನೇಯಿಸಿ, ಅತ್ತೆಗೆ ಧಾರೆ ಸೀರೆ ಮಾಡಿಸಿದರು.

"ನೇರಳೆ ಬಣ್ಣವಾ ಮಾವ?" ಎಂದು ಕೇಳಿದರೆ ಸಿಡುಕುತ್ತಿದ್ದರು.

"ನೇರಳೆ ಅಲ್ಲ ಕಣೋ. ನೇರಳೆ ತಿಂದ್ಮೇಲೆ ನಾಲಿಗೆ ಮೇಲೆ ಉಳೀತದಲ್ಲ, ಅದು."

ಅತ್ತೆ ತೀರಿಕೊಂಡಾಗ ಮುತ್ತೈದೆ ಸಾವೆಂದು ಹೆಂಗಸರು ಅದೇ ಸೀರೆ ಉಡಿಸಿ ಕಳಿಸಿದರು. ಸೀರೆಯೂ ಅತ್ತೆಯೊಂದಿಗೆ ಬೂದಿಯಾಯಿತು. ಮದುವೆಯ ಫೋಟೋಗಳೆಲ್ಲ ಕಪ್ಪು ಬಿಳುಪು. ಇನ್ನು ಆ ಬಣ್ಣ ಲೋಕದಲ್ಲಿ ಉಳಿದಿದ್ದರೆ ಆ ಸಿನಿಮಾದಲ್ಲಿ ಮಾತ್ರ. ಅದಾಗಿ ಎರಡು ವರ್ಷಕ್ಕೆ ಆ ಸಿನಿಮಾ ಸೀಡಿಯಾಗಿ ಬಂದಿದೆ ಎಂದು ತಿಳಿದದ್ದೇ ತಡ, ಮಾವ ಮೊದಲ ಬಸ್ಸಿಗೇ ಚಿಂತಾಮಣಿಗೆ ಹೋಗಿ ತಂದರು. ತಂದ ಮೇಲೆ ಮನೆಯಲ್ಲಿ ಪ್ಲೇಯರ್ ಇಲ್ಲವೆಂಬುದು ನೆನಪಾಯಿತು. ಮಧ್ಯಾಹ್ನದ ಬಸ್ಸಿಗೆ ಮತ್ತೆ ಹೋಗಿ ಅದನ್ನೂ ತಂದರು. ಹಾಡು ಬಂತು, ನಾಯಕಿ ಬಂದಳು. ಸೀರೆ ಬದನೆಕಾಯಿ ಬಣ್ಣಕ್ಕಿತ್ತು!

"ಇದೇಮಿ ರಂಗುರಾ ನಾಯನಾ!" ಎಂದು ಮಾವ ಎದ್ದು ನಿಂತರು. ದಿನವಿಡೀ ಕನ್ನಡದಲ್ಲಿ ಮಾತಾಡುವ ಅವರಿಗೆ ಸಿಟ್ಟು ಮಾತ್ರ ತೆಲುಗಿನಲ್ಲೇ ಬರುವುದು.

ಮರುದಿನ ಸೀಡಿ ಅಂಗಡಿಯ ಸಾಹೇಬರ ಮುಂದೆ ವ್ಯಾಜ್ಯ. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋಗಿದ್ದರು.

"ಪಿಕ್ಚರ್ ಕ್ಲಿಯರ್ ಇದೆ, ಸೌಂಡ್ ಕ್ಲಿಯರ್ ಇದೆ. ಇನ್ನೇನು ಬೇಕು ಯಜಮಾನ್ರೇ?"

"ಸೀರೆ ಬಣ್ಣ ಕೆಟ್ಟೋಗೈತೆ."

"ಇದು ಹೊಸ ಪ್ರಿಂಟು. ಹಳೇದನ್ನ ಕಂಪ್ಯೂಟರ್‌ನಲ್ಲಿ ಹಾಕಿ ತೊಳೆದಿದ್ದಾರೆ."

"ತೊಳೆದ್ರೆ ಬಣ್ಣ ಬಿಡ್ತದೆ. ಅಷ್ಟೂ ಗೊತ್ತಿಲ್ವಾ ಆ ಕಂಪ್ಯೂಟರ್‌ಗೆ?"

ಮೂವತ್ತು ವರ್ಷ ನೂಲು ತೊಳೆದವರಿಗೆ ಸಾಹೇಬರು ಟೀ ತರಿಸಿಕೊಟ್ಟರು.

ಆಮೇಲೆ ದೋಷ ಟೀವಿಯದಿರಬಹುದು ಎಂಬ ಅನುಮಾನ ಬಂತು. ಸೀಡಿಯನ್ನು ಚೀಲದಲ್ಲಿಟ್ಟುಕೊಂಡು ನೆಂಟರ ಮನೆಮನೆಯ ಟೀವಿಯಲ್ಲೂ ಹಾಕಿ ನೋಡುವುದು ಶುರುವಾಯಿತು. ನನ್ನ ತಮ್ಮನಿಗೆ ಹೆಣ್ಣು ನೋಡಲು ಗೌರಿಬಿದನೂರಿಗೆ ಹೋಗಿದ್ದೆವು. ಹಿರಿಯರೆಂದು ಮಾವನನ್ನು ಮುಂದೆ ಕೂರಿಸಿದರೆ ಅವರು ಕೂತ ಕೂಡಲೇ ಅಲ್ಲಿಯ ಪ್ಲೇಯರಿಗೆ ಸೀಡಿ ಹಾಕಿಸಿದ್ದರು. ಹುಡುಗಿ ಕಾಫಿ ತಟ್ಟೆ ಹಿಡಿದು ಬಂದರೆ ಮಾವ, "ಒಸಿ ಆ ಕಡೆ ಸರಿಯಮ್ಮ, ಟೀವಿ ಕಾಣ್ತಾ ಇಲ್ಲ" ಎನ್ನಬೇಕೆ! ಟೀವಿ ಬಹಳ ದೊಡ್ಡದೆಂದು ಹೊಗಳಿದ್ದೂ ಆಯಿತು. ಗಂಡಿನ ಕಡೆಯವರಿಗೆ ಟೀವಿ ಬೇಕಂತೆ ಎಂದು ಒಳಗೆ ಸುದ್ದಿ ಹೋಗಿ, ಅದನ್ನು ಅಲ್ಲಗಳೆಯುವುದರಲ್ಲಿ ನಮಗೆ ಸಾಕುಸಾಕಾಯಿತು. ಅಲ್ಲಿಯೂ ಸೀರೆ ಬದನೆಕಾಯಿಯೇ.

ಇನ್ನು ಉಳಿದದ್ದು ಮಾವನ ಕಣ್ಣು. ಪೊರೆ ಬಂದಿರಬೇಕೆಂದು ಎಲ್ಲರೂ ಹೇಳಿದೆವು. ನಿಜಕ್ಕೂ ಬಂದಿತ್ತು! ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ಅವರು ದೇವರ ಪಟ ನೋಡಲಿಲ್ಲ, ಮಕ್ಕಳ ಮುಖ ನೋಡಲಿಲ್ಲ, ಸೀಡಿ ಹಾಕಿಸಿದರು. ನಾವೆಲ್ಲ ಟೀವಿ ಬಿಟ್ಟು ಅವರ ಮುಖವನ್ನೇ ನೋಡುತ್ತಾ ಕೂತೆವು.

"ಈಗ ಚೆನ್ನಾಗಿ ಕಾಣ್ತದೆ ಕಣ್ರಪ್ಪ," ಎಂದರು ಮಾವ. "ಎಷ್ಟು ಹಾಳು ಮಾಡವ್ರೆ ಅಂತ."

ಕೊನೆಗೆ ಸೀಡಿ ಮಾಡಿದ ಕಂಪನಿಗೇ ಕಾಗದ ಬರೆಯುವುದೆಂದು ತೀರ್ಮಾನವಾಯಿತು. ಬರೆಯುವವನು ನಾನು, ಚಿಕ್ಕಬಳ್ಳಾಪುರದಲ್ಲಿ ಮೇಷ್ಟ್ರು ತಾನೇ! ಬಾಯಲ್ಲಿ ಹೇಳಿದರೆ ಬಣ್ಣ ಯಾರಿಗೂ ತಿಳಿಯುವುದಿಲ್ಲ, ಕಾಗದದ ಜೊತೆ ಒಂದು ಎಳೆ ನೂಲು ಇಡಬೇಕೆಂದರು ಮಾವ. ಬಣ್ಣದವರಲ್ಲಿ ಒಂದು ಪದ್ಧತಿಯಿದೆ. ಹಾಕಿದ ಪ್ರತಿ ಬಣ್ಣದ ಒಂದೆಳೆಯನ್ನು ಪುಸ್ತಕದ ಹಾಳೆಗೆ ಕಟ್ಟಿಡುತ್ತಾರೆ, ಮುಂದೆ ಯಾರಾದರೂ ಕೇಳಿದರೆ ಅದನ್ನೇ ನೋಡಿ ಹಾಕಿಕೊಡಲು. ಮಾವನ ಪುಸ್ತಕ ತಲೆದಿಂಬಿನಷ್ಟು ದಪ್ಪವಿತ್ತು. ಅತ್ತೆಯ ಸೀರೆಯ ಎಳೆ ಮಾತ್ರ ಅದರಲ್ಲಿರಲಿಲ್ಲ.

"ಇದೊಂದನ್ನೇ ಯಾಕೆ ಮಾವ ಕಟ್ಟಿಲ್ಲ?"

"ಕಟ್ಟಿದ್ರೆ ಯಾರಾದ್ರೂ ನೋಡಿ ನಮಗೂ ಅದೇ ಹಾಕ್ಕೊಡಿ ಅಂತಾರೆ. ಅವಳು ಉಟ್ಟಿದ್ದನ್ನ ಊರೆಲ್ಲಾ ಉಡೋದು ಬೇಡ ಅಂತ, ಉಳಿದಿದ್ದ ನೂಲೆಲ್ಲಾ ನಾನೇ ಒಲೆಗೆ ಹಾಕಿದೆ."

ಸರಿ, ಹೊಸದಾಗಿಯೇ ಬಣ್ಣ ಹಾಕಿ ಕಳಿಸುವುದೆಂದಾಯಿತು. ಒಂದು ತಿಂಗಳಾದರೂ ಎಳೆ ಬರಲಿಲ್ಲ. ಒಂದು ಭಾನುವಾರ ನಾನೇ ಶಿಡ್ಲಘಟ್ಟಕ್ಕೆ ಹೋದೆ. ಹಿತ್ತಲಿನ ತಂತಿಯ ಮೇಲೆ ಹದಿನಾಲ್ಕು ಎಳೆಗಳು ಒಣಗುತ್ತಿದ್ದವು. ಮಾವ ಕೆಳಗೆ ಕಲ್ಲಿನ ಮೇಲೆ ಕೂತಿದ್ದರು.

"ಯಾವುದು ಮಾವ ನಮ್ಮ ನಾಯಕಿದು?" ಎಂದು ನಗುತ್ತಾ ಕೇಳಿದೆ.

ಅವರು ನಗಲಿಲ್ಲ. "ಯಾವುದು ಅಂತ ನಂಗೇ ತಿಳೀತಿಲ್ಲ ಕಣಪ್ಪ. ಮೊದ್ಲು ಆ ಸೀಡಿ ಹಾಕಿದ್ರೆ ಮೈಯೆಲ್ಲಾ ಉರೀತಿತ್ತು. ಈಗ ಉರಿಯಲ್ಲ. ನೋಡಿ ನೋಡಿ ಅದೇ ಸರಿ ಅನ್ನಿಸ್ತದೆ." ಕೈ ಚಾಚಿ ತಂತಿಯ ಮೇಲಿನ ಒಂದೆಳೆಯನ್ನು ಬೆಳಕಿಗೆ ಹಿಡಿದರು. "ಮೊನ್ನೆ ನಿಮ್ಮತ್ತೆ ಕನಸಲ್ಲಿ ಬಂದಿದ್ಲು. ಬದನೆಕಾಯಿ ಬಣ್ಣದ ಸೀರೆ ಉಟ್ಟಿದ್ಲು."

ಇಷ್ಟು ವರ್ಷ ಅವರು ಯಾವುದನ್ನು ಕಾಪಾಡಲು ಹೋರಾಡುತ್ತಿದ್ದರೆಂಬುದು ನನಗೆ ಆಗ ಅರ್ಥವಾಯಿತು. ನಾಚಿಕೆಯಾಯಿತು. ಮಾವ ಒಳಗೆ ಹೋಗಿ ಸೀಡಿ ತಂದು ನನ್ನ ಕೈಗಿಟ್ಟರು. "ತಗೊಂಡೋಗು. ನಾನೇ ಬಂದು ಕೇಳಿದ್ರೂ ಕೊಡಬೇಡ."

ಎರಡು ಸಲ ಕೇಳಿದರು. ಕಳೆದುಹೋಯಿತೆಂದು ಎರಡು ಸಲವೂ ಸುಳ್ಳು ಹೇಳಿದೆ.

ಮೂರನೆಯ ಸಲ ಬಂದಾಗ ಕೇಳಲಿಲ್ಲ. ನೇರಳೆ ಹಣ್ಣಿನ ಕಾಲ, ಬಸ್‌ಸ್ಟ್ಯಾಂಡಿನಲ್ಲಿ ಒಂದು ಪೊಟ್ಟಣ ಕೊಂಡು ತಂದಿದ್ದರು. ನಮ್ಮ ನಡುಮನೆಯಲ್ಲಿ ಕೂತು ಒಂದೊಂದಾಗಿ ತಿಂದರು. ಆಮೇಲೆ ಎದ್ದು ಗೋಡೆಯ ಕನ್ನಡಿಯ ಮುಂದೆ ನಿಂತು, ಮಗುವಿನ ಹಾಗೆ ಪೂರ್ತಿ ನಾಲಿಗೆ ಚಾಚಿದರು. ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಮಾವ ಬಹಳ ಹೊತ್ತು ಹಾಗೇ ನೋಡುತ್ತಾ ನಿಂತರು. ಅವರ ಕಣ್ಣು ತುಂಬಿ ಬಂತು.

"ಇದೇ ಕಣೋ," ಎಂದರು. "ಇದೇ ಅವಳ ಸೀರೆ."

ನಾನು ಪೊಟ್ಟಣದಿಂದ ಒಂದು ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡೆ. ಅವರ ಪಕ್ಕದಲ್ಲಿ ನಿಂತು ನಾನೂ ನಾಲಿಗೆ ಚಾಚಿದೆ.